ನೋಡುವವರನ್ನು ಕರೆತನ್ನಿ

ನಮ್ಮೂರಿನಲ್ಲಿ ಫೋಟೊ ತೆಗೆಸಿಕೊಳ್ಳಲು ಒಬ್ಬರು ಬಂದರೆ ಸಾಕು, ಅದನ್ನು ತಿದ್ದಿಸಿಕೊಳ್ಳಲು ಮಾತ್ರ ಇಬ್ಬರು ಬರಬೇಕು. ಮುಖದ ಯಜಮಾನರು ಒಬ್ಬರು, ಆ ಮುಖವನ್ನು ದಿನವೂ ನೋಡುವವರು ಇನ್ನೊಬ್ಬರು. ನನ್ನ ಸ್ಟುಡಿಯೋದ ಬಾಗಿಲ ಮೇಲೆ ‘ನೋಡುವವರನ್ನು ಕರೆತನ್ನಿ’ ಎಂದು ಕೆಂಪಕ್ಷರದಲ್ಲಿ ಬರೆಸಿ ಇಪ್ಪತ್ತೆರಡು ವರ್ಷವಾಯಿತು. ಆದರೂ ಒಬ್ಬರೇ ಬಂದು, ಸ್ವಲ್ಪ ಮೂಗು ಅಷ್ಟೇ ಮುದ್ದಯ್ಯ, ಯಾರಿಗೂ ಗೊತ್ತಾಗಲ್ಲ ಎಂದು ಹಲ್ಲು ಗಿಂಜುವವರಿಗೇನೂ ಕೊರತೆಯಿಲ್ಲ. ಗೊತ್ತಾಗದೆ ಏನು? ಸಂಜೆ ಕಂಪ್ಯೂಟರಿನಲ್ಲಿ ನಾನು ಅಳಿಸಿದ್ದು ಬೆಳಿಗ್ಗೆ ಹಾಲಿನವನು ಬರುವ ಹೊತ್ತಿಗೆ ಮುಖದ ಮೇಲೂ ಇರುವುದಿಲ್ಲ.

ಈ ಪದ್ಧತಿ ಬಂದದ್ದು ನಮ್ಮಪ್ಪನ ಕಾಲದಲ್ಲಿ. ಆಗ ಕಂಪ್ಯೂಟರ್ ಎಲ್ಲಿತ್ತು? ಅಪ್ಪ ಕಿಟಕಿಯ ಬೆಳಕಿಗೆ ನೆಗೆಟಿವ್ ಹಿಡಿದು ಚೂಪು ಪೆನ್ಸಿಲ್ಲಿನಿಂದ ತಿದ್ದುತ್ತಿದ್ದರು. ಬೆಲ್ಲದ ಮಂಡಿಯ ಸಾಹುಕಾರನೊಬ್ಬ ಹೆಂಡತಿಗೆ ಹೇಳದೆ ಬಂದು ತನ್ನ ಮೊಂಡು ಮೂಗನ್ನು ಗಿಣಿಮೂಗು ಮಾಡಿಸಿಕೊಂಡ. ಮಾರನೆಯ ದಿನ ಬೆಳಗಿನ ಜಾವ ಅವನು ಕೆರೆಯ ಕಡೆ ಹೋಗಿ ಬರುವಷ್ಟರಲ್ಲಿ ಮೂಗು ಬದಲಾಗಿತ್ತು. ಯಾರೋ ಪರಗಂಡಸು ಬಾಗಿಲು ತಟ್ಟುತ್ತಿದ್ದಾನೆಂದು ಹೆಂಡತಿ ಒನಕೆ ಹಿಡಿದು ನಿಂತಳು. ಎಂಟು ದಿನ ಅವನು ತನ್ನದೇ ಮನೆಯ ಜಗಲಿಯ ಮೇಲೆ ಮಲಗಿದ. ಕೊನೆಗೆ ಊರಿನ ಹಿರಿಯರು ಸೇರಿ, ಮುಖ ಯಾರದ್ದೇ ಆಗಿರಲಿ, ಅದನ್ನು ಕಂಡುಕೊಂಡು ಬಾಳುವವರ ಒಪ್ಪಿಗೆಯಿಲ್ಲದೆ ಯಾರೂ ಅದಕ್ಕೆ ಕೈ ಹಾಕಬಾರದೆಂದು ತೀರ್ಮಾನ ಮಾಡಿದರು. ಬಾಯಿಮಾತಿನ ಒಪ್ಪಿಗೆಯೂ ಸಾಲದು, ಪಕ್ಕದ ಮನೆಯವಳನ್ನೇ ಹೆಂಡತಿ ಎಂದು ಕರೆತರುವ ಭೂಪರು ನಮ್ಮಲ್ಲಿದ್ದಾರೆ. ಅದಕ್ಕೇ ಪರೀಕ್ಷೆ. ನೋಡುವವರು ಗೋಡೆಯ ಕ್ಯಾಲೆಂಡರಿಗೆ ಮುಖ ಮಾಡಿ ನಿಲ್ಲಬೇಕು. ತಿದ್ದುವವನು ಫೋಟೊವನ್ನು ಮುಂದಿಟ್ಟುಕೊಂಡು ಮೂರು ಪ್ರಶ್ನೆ ಕೇಳಬೇಕು. ಎರಡು ಫೋಟೊಗೆ ಗೊತ್ತಿರುವುದು, ಒಂದು ಫೋಟೊಗೆ ಗೊತ್ತಿಲ್ಲದ್ದು.

ಊರು ಇದಕ್ಕೆಲ್ಲ ಒಗ್ಗಿಕೊಂಡು ಎಷ್ಟೋ ಕಾಲವಾಯಿತು. ಮನೆ ಮಾರಿನ ಫೋಟೊಗೆ ನೋಡುವವರು ಬೇಕಿಲ್ಲ, ಹಾಗಾಗಿ ಮೋಡ ಮುಸುಕಿದ ದಿನಗಳಲ್ಲಿ ಹೆಂಗಸರು ತಮ್ಮ ತಾರಸಿಯ ಫೋಟೊ ತಂದು, ನಾಳೆ ಹಪ್ಪಳ ಹಾಕುವುದಿದೆ, ಬ್ರೈಟ್‌ನೆಸ್ ಒಂದಿಷ್ಟು ಏರಿಸಿಕೊಡಿ ಎನ್ನುತ್ತಾರೆ. ಏರಿಸಿಕೊಡುತ್ತೇನೆ, ಹದವಾಗಿ. ಆಸೆಗೆ ಬಿದ್ದು ಹೆಚ್ಚು ಏರಿಸಿದರೆ ಹಪ್ಪಳ ಅಲ್ಲೇ ಸುಟ್ಟುಹೋಗುತ್ತದೆ. ಒಮ್ಮೆ ಪುರಸಭೆಯವರು ವಾಲಿದ ನೀರಿನ ಟ್ಯಾಂಕನ್ನು ನೆಟ್ಟಗೆ ಮಾಡಿಕೊಡೆಂದರು. ನಾನು ಜಾಣತನ ತೋರಿಸಲು ಹೋಗಿ ಟ್ಯಾಂಕನ್ನು ಮಾತ್ರ ಕತ್ತರಿಸಿ ನಿಲ್ಲಿಸುವುದರ ಬದಲು ಇಡೀ ಫೋಟೊವನ್ನೇ ಎರಡು ಡಿಗ್ರಿ ತಿರುಗಿಸಿಬಿಟ್ಟೆ. ಟ್ಯಾಂಕು ನೆಟ್ಟಗಾಯಿತು, ನಮ್ಮ ಬೀದಿ ವಾಲಿತು. ಅಂದಿನಿಂದ ಎದುರು ಸಾಲಿನ ಅಂಗಡಿಗಳಲ್ಲಿ ನಿಂಬೆಹಣ್ಣು ಕೈ ಜಾರಿದರೂ ಅದು ಉರುಳಿಕೊಂಡು ಬಂದು ನನ್ನ ಹೊಸ್ತಿಲಿಗೇ ನಿಲ್ಲುತ್ತದೆ.

ನಿಂಬೆಹಣ್ಣಿಗಿಂತ ಹೆಚ್ಚಾಗಿ ಬರುತ್ತಿದ್ದದ್ದು ದಾರದ ರೀಲು. ನನ್ನ ಅಂಗಡಿಯ ಎದುರಿಗೆ, ಸರಿಯಾಗಿ ಹನ್ನೆರಡು ಹೆಜ್ಜೆಗೆ, ಟೈಲರ್ ದಾಕ್ಷಾಯಿಣಮ್ಮನ ಅಂಗಡಿ. ಆಕೆ ಅಲ್ಲಿಗೆ ಬಂದು ಹನ್ನೊಂದು ವರ್ಷ. ವಾರದಲ್ಲಿ ಎರಡು ಸಲವಾದರೂ ಒಂದು ರೀಲು ದಾರ ಬಿಚ್ಚಿಕೊಳ್ಳುತ್ತಾ ಉರುಳಿ ಬರುತ್ತಿತ್ತು. ನಾನು ಅದನ್ನು ಸುತ್ತಿಕೊಳ್ಳುತ್ತಾ ಹೋಗಿ, ತಲೆ ತಗ್ಗಿಸಿ ಕೈಗೆ ಕೊಟ್ಟು, ಬಂದ ದಾರಿಯಲ್ಲೇ ಹಿಂತಿರುಗುತ್ತಿದ್ದೆ. ಐವತ್ತು ದಾಟಿದ ಬ್ರಹ್ಮಚಾರಿ, ಅದಕ್ಕಿಂತ ಹೆಚ್ಚಿನ ಧೈರ್ಯ ಎಲ್ಲಿಂದ ಬರಬೇಕು? ನನ್ನ ಕುರ್ಚಿಗೆ ಬಂದು ಕೂತ ಮೇಲೆ ಮಾತ್ರ ಕಣ್ಣು ತಾನಾಗಿ ಮೇಲೇಳುತ್ತಿತ್ತು. ಅವರಿವರ ಮೊಡವೆ ಅಳಿಸುವ ನಡುವೆ ಆಕೆ ಸೂಜಿಗೆ ದಾರ ಪೋಣಿಸುವುದನ್ನು ನೋಡುವುದು ನನಗೆ ದಿನದ ಊಟದಷ್ಟೇ ರೂಢಿಯಾಗಿಹೋಗಿತ್ತು.

ಹೋದ ಸಲದ ಹಿಂದಿನ ಮಾರ್ಗಶಿರದಲ್ಲಿ ಒಂದು ಶುಕ್ರವಾರ ದಾಕ್ಷಾಯಿಣಮ್ಮ ತಾನೇ ಬೀದಿ ದಾಟಿ ಬಂದು ಸ್ಟೂಲಿನ ಮೇಲೆ ಕೂತು ಫೋಟೊ ತೆಗೆಯಿರಿ ಎಂದರು. ತೆಗೆದೆ. ಮೊದಲ ಸಲ ಲೆನ್ಸಿನ ಮುಚ್ಚಳ ತೆಗೆಯದೆಯೇ ಒತ್ತಿಬಿಟ್ಟೆ, ಎರಡನೇ ಸಲ ತೆಗೆಯಬೇಕಾಯಿತು. ಆಮೇಲೆ ಆಕೆ ಬಲ ದವಡೆಯ ಮೇಲಿದ್ದ ಸುಟ್ಟ ಕಲೆಯನ್ನು ಬೆರಳಿನಿಂದ ಮುಟ್ಟಿ ತೋರಿಸಿ, ಇದನ್ನು ಅಳಿಸಿಬಿಡಿ ಎಂದರು. ಒಂಬತ್ತು ವರ್ಷದವರಿದ್ದಾಗ ಕೆಂಡದ ಇಸ್ತ್ರಿಪೆಟ್ಟಿಗೆಯ ಮೂತಿ ತಾಗಿ ಆದ ಕಲೆ ಅದು.

ಇಷ್ಟು ವರ್ಷ ಇಲ್ಲದ್ದು ಈಗೇಕೆ ಎಂದು ಕೇಳಿದೆ.

“ಬಂದೋರು ಯಾರೂ ನನ್ನ ಮುಖ ನೋಡಿ ಮಾತಾಡಲ್ಲ ಮುದ್ದಯ್ಯನೋರೇ. ಅಳತೆ ಕೊಡುವಾಗ್ಲೂ ಗೋಡೆ ನೋಡ್ತಾರೆ. ಹಿಂದೆ ಹೆಣ್ಣು ನೋಡೋಕೆ ಬಂದೋರೂ ಗೋಡೆ ನೋಡ್ಕೊಂಡೇ ಉಪ್ಪಿಟ್ಟು ತಿಂದು ಎದ್ದುಹೋದ್ರು. ನನಗೆ ನಲವತ್ತೇಳು ಆಯ್ತು. ಇನ್ನು ಉಳಿದಿರೋ ವರ್ಷನಾದ್ರೂ ಯಾರಾದ್ರೂ ನನ್ನ ಮುಖ ನೋಡ್ಲಿ.”

ನಾನು ಬಾಗಿಲ ಮೇಲಿನ ಬೋರ್ಡನ್ನೇ ತೋರಿಸಿದೆ. ಆಕೆ ಒಂಟಿ ಹೆಂಗಸು, ದಿನವೂ ನೋಡುವವರೆಂದು ಯಾರನ್ನು ಕರೆತರುವುದು ಎಂದು ಬೆರಳು ಮಡಚಿ ಎಣಿಸಿ ನೋಡಿ, ನಾಳೆ ಬರುತ್ತೇನೆಂದು ಎದ್ದುಹೋದರು.

ಮೊದಲು ಬಂದವಳು ಹೂವಿನ ಕೆಂಚಮ್ಮ. ಹನ್ನೊಂದು ವರ್ಷದಿಂದ ದಾಕ್ಷಾಯಿಣಮ್ಮನ ಅಂಗಡಿಯ ಮೆಟ್ಟಿಲ ಮೇಲೆ ಕೂತು ಹೂ ಕಟ್ಟುವವಳು, ಇವಳಿಗಿಂತ ಹೆಚ್ಚು ನೋಡಿದವರು ಯಾರಿದ್ದಾರೆ? ಕ್ಯಾಲೆಂಡರಿನ ಮುಂದೆ ಗತ್ತಿನಿಂದ ನಿಂತಳು. ಕಲೆ ಯಾವ ಕಡೆ ಇದೆ ಎಂದು ಕೇಳಿದೆ. ಕೆಂಚಮ್ಮ ತನ್ನದೇ ಎರಡು ಕೆನ್ನೆ ಮುಟ್ಟಿಕೊಂಡು ನೋಡಿ ಎಡಗಡೆ ಎಂದಳು. ತಪ್ಪೆಂದಾಗ ಪಾಪ ಅವಳ ಮುಖ ಸಣ್ಣಗಾಯಿತು. ನೋಡಿದರೆ ಬೇಜಾರು ಮಾಡಿಕೊಳ್ಳುತ್ತೀಯೇನೋ ಎಂದು ಇಷ್ಟು ವರ್ಷವೂ ಕಣ್ಣು ತಪ್ಪಿಸಿಕೊಂಡೇ ಮಾತಾಡುತ್ತಿದ್ದೆ ತಾಯಿ ಎಂದು ಅತ್ತೇಬಿಟ್ಟಳು. ದಾಕ್ಷಾಯಿಣಮ್ಮನೇ ಅವಳನ್ನು ಸಮಾಧಾನ ಮಾಡಬೇಕಾಯಿತು.

ನಾನು ಹೂಂ ಎಂದು ಪಾಸು ಮಾಡಬಹುದಿತ್ತು, ಕೇಳುವವರಾರು? ಆದರೆ ನೋಡುವವರು ಸುಳ್ಳಾದರೆ ತಿದ್ದಿದ್ದು ನಿಲ್ಲುವುದಿಲ್ಲ, ಎಂಟು ದಿನಕ್ಕೆ ಮೊದಲಿನ ಎರಡರಷ್ಟಾಗಿ ಹಿಂದಿರುಗುತ್ತದೆ. ಹಾಗೆ ಹಿಂದಿರುಗಿದ ನರುಲಿ ಹೊತ್ತು ಓಡಾಡುವವರನ್ನು ನಾನು ಕಂಡಿದ್ದೇನೆ. ಅದು ಒಂದು ಕಾರಣ. ಇನ್ನೊಂದನ್ನೂ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಏನಾಗಬೇಕು? ಕೆಂಚಮ್ಮ ತಪ್ಪಿದಾಗ ನನಗೆ ಸಂತೋಷವಾಯಿತು. ಆ ಕಲೆ ಹೋದರೆ ನನ್ನ ಕಣ್ಣು ದಿನವೂ ಹೋಗಿ ಕೂರುವ ಜಾಗವೇ ಹೋದ ಹಾಗೆ. ಆ ಹೆಂಗಸಿನ ಕಷ್ಟದಲ್ಲಿ ನಾನು ನನ್ನ ಸುಖ ನೋಡಿಕೊಂಡೆನಲ್ಲ ಎಂದು ಆ ದಿನವೆಲ್ಲ ನಾಚಿಕೆಯೂ ಆಯಿತು.

ಎರಡನೆಯ ಸಲ ಪೋಸ್ಟ್‌ಮ್ಯಾನ್ ಬಂದ. ಅವನು ಕೆಂಚಮ್ಮನಿಗಿಂತ ಸಭ್ಯ. ಕಲೆ ಎಲ್ಲಿದೆ ಎಂದರೆ, ಅಮ್ಮನವರ ಮುಖದಲ್ಲಿ ಕಲೆಯೇ ಇಲ್ಲ ಎಂದು ಗೋಡೆಗೆ ಕೈ ಮುಗಿದ. ದಾಕ್ಷಾಯಿಣಮ್ಮ ನಕ್ಕರು, ಆದರೆ ಆ ನಗುವಿನಲ್ಲಿ ಜೀವ ಇರಲಿಲ್ಲ. ಇನ್ನು ಉಳಿದವನು ತಮ್ಮ ಶಿವರುದ್ರ ಒಬ್ಬನೇ, ಅವನೂ ತಪ್ಪಿದರೆ ಈ ಆಸೆಗೇ ಎಳ್ಳುನೀರು ಬಿಡುತ್ತೇನೆ ಎಂದು ಹೇಳಿ ಹೋದರು.

ಶಿವರುದ್ರ ಊರಾಚೆ ಹಿಟ್ಟಿನ ಗಿರಣಿ ನಡೆಸುವವನು. ಹುಬ್ಬಿನ ಮೇಲೆಲ್ಲ ರಾಗಿಹಿಟ್ಟು ಮೆತ್ತಿಕೊಂಡು, ಗಿರಣಿ ನಿಲ್ಲಿಸಿ ಮಧ್ಯಾಹ್ನ ಮೂರರ ಸುಮಾರಿಗೆ ಬಂದ. ಅಕ್ಕ ಸ್ಟೂಲಿನ ಮೇಲೆ ಕೂತರು, ತಮ್ಮ ಕ್ಯಾಲೆಂಡರಿಗೆ ಮುಖ ಮಾಡಿ ನಿಂತ, ನಾನು ಕಂಪ್ಯೂಟರಿನ ಮುಂದೆ ಕೂತೆ. ಕಲೆ ಯಾವ ಕಡೆ ಎಂದು ಕೇಳುವಷ್ಟರಲ್ಲಿ ಮೇಲಿನ ಫ್ಯಾನು ಕಿರ್ರೆಂದು ನಿಂತಿತು. ಮಾರ್ಗಶಿರವಾದರೂ ಒಳಗಿನ ಸೆಕೆಗೆ ಕರವಸ್ತ್ರದಲ್ಲಿ ಕತ್ತು ಒರೆಸಿಕೊಂಡು ಪ್ರಶ್ನೆ ಮುಂದುವರಿಸಿದೆ. ಬಲಗಡೆ ಎಂದ. ಸರಿ. ಎಷ್ಟು ಅಗಲ ಎಂದೆ.

ಅವನು ಗೋಡೆಯ ಕಡೆಯಿಂದಲೇ ಅಂಗೈಯನ್ನು ಮೇಲೆತ್ತಿ ತೋರಿಸಿದ.

“ಇಷ್ಟು. ಅಂಗೈ ಅಗಲ. ದವಡೆಯಿಂದ ಕತ್ತಿನವರೆಗೂ.”

“ಅಂಗೈ ಅಗಲ ಎಲ್ಲಪ್ಪಾ ಇದೆ?” ಎಂದೆ ನಾನು. “ವೀಳ್ಯದೆಲೆ ತುದಿ ಮುರಿದು ಇಟ್ಟಷ್ಟು ಅಷ್ಟೇ. ಕಿವಿಯಿಂದ ಎರಡು ಬೆರಳು ಕೆಳಗೆ. ಬೇಸಿಗೇಲಿ ಕೆಂಪಗಾಗುತ್ತೆ, ಮಳೆಗಾಲದಲ್ಲಿ ಕಾಫಿ ಬಣ್ಣಕ್ಕೆ ತಿರುಗುತ್ತೆ. ನಗುವಾಗ ಕೆನ್ನೆಯ ಮಡಿಕೆಯೊಳಗೆ ಅರ್ಧ ಅಡಗಿಬಿಡುತ್ತೆ.”

ಶಿವರುದ್ರ ತಿರುಗಿದ. ಹಾಗೆ ತಿರುಗಬಾರದು, ಆದರೆ ತಡೆಯುವ ಮನಸ್ಸು ನನಗೆ ಬರಲಿಲ್ಲ. ಅವನು ಅಕ್ಕನ ಬಲಗಡೆಗೆ ಬಂದು ಬಗ್ಗಿ, ಬಹಳ ಹೊತ್ತು ನೋಡಿದ. ಅವತ್ತು ಆರು ವರ್ಷದ ಹುಡುಗನಾಗಿದ್ದ ಅವನು ಆಟಕ್ಕೆ ಮೇಜಿನ ಬಟ್ಟೆ ಎಳೆದಿದ್ದರಿಂದಲೇ ಇಸ್ತ್ರಿಪೆಟ್ಟಿಗೆ ಬಿದ್ದದ್ದಂತೆ. ಅದು ನನಗೆ ಗೊತ್ತಾದದ್ದು ಆಮೇಲೆ. ಮೂವತ್ತೆಂಟು ವರ್ಷ ಅವನು ಆ ಕಡೆಗೆ ಕಣ್ಣು ಹಾಯಿಸಿರಲಿಲ್ಲ, ಕಲೆ ಅವನ ಮನಸ್ಸಿನಲ್ಲೇ ಬೆಳೆದು ಅಂಗೈಯಷ್ಟಾಗಿತ್ತು.

“ಇಷ್ಟೇನಾ ಅಕ್ಕ?” ಎಂದ.

“ಇಷ್ಟೇ ಕಣೋ,” ಎಂದು ಆಕೆ ತಮ್ಮನ ಹುಬ್ಬಿನ ಹಿಟ್ಟು ಒರೆಸಿದರು.

ಅವನು ಮುಖ ತೊಳೆದುಕೊಳ್ಳುತ್ತೇನೆಂದು ಹಿತ್ತಲಿನ ನಲ್ಲಿಯ ಕಡೆ ಹೋದ. ತಮ್ಮನೂ ತಪ್ಪಿದ್ದ. ಇನ್ನು ಯಾರೂ ಇಲ್ಲ ಎಂದು ನಾನು ಹೇಳಬೇಕು, ಆಕೆ ಎದ್ದು ಹೋಗಬೇಕು, ಅಷ್ಟೇ ಉಳಿದದ್ದು. ಆಕೆ ಏಳಲಿಲ್ಲ. ಮೇಲೆ ನೋಡಿದರು, ನಿಂತ ಫ್ಯಾನು. ಆಮೇಲೆ ನನ್ನ ಕಡೆ ನೋಡಿದರು.

“ಕರೆಂಟ್ ಹೋಗಿ ಎಷ್ಟೊತ್ತಾಯ್ತು ಮುದ್ದಯ್ಯನೋರೇ?”

ನಾನು ಮುಂದೆ ನೋಡಿದೆ. ಕಂಪ್ಯೂಟರಿನ ಪರದೆ ಕಪ್ಪಗೆ ಕೂತಿತ್ತು. ಅದರಲ್ಲಿ ಕಾಣುತ್ತಿದ್ದದ್ದು ನನ್ನ ಮುಖ ಮಾತ್ರ. ಯುಪಿಎಸ್ ಸತ್ತು ವರ್ಷವಾಗಿತ್ತು, ಇವತ್ತು ರಿಪೇರಿ ನಾಳೆ ರಿಪೇರಿ ಎಂದು ಮುಂದೂಡಿದ್ದಕ್ಕೆ ಒಳ್ಳೆಯ ಸಮಯದಲ್ಲೇ ಕೈ ಕೊಟ್ಟಿತ್ತು.

“ಯಾವ ಫೋಟೊ ನೋಡ್ಕೊಂಡು ನನ್ನ ತಮ್ಮಂಗೆ ತಪ್ಪು ಅಂದ್ರಿ?”

ಫೋಟೊ ಮೊದಲೇ ನೋಡಿದ್ದೆ, ನೆನಪಿತ್ತು ಎಂದು ತೊದಲಿದೆ. ಕಳ್ಳನಿಗೊಂದು ಪಿಳ್ಳೆ ನೆವ.

“ಫೋಟೊ ತೆಗೆದಿದ್ದು ಹೋದ ಶುಕ್ರವಾರ. ಅದ್ರಲ್ಲಿ ಬೇಸಿಗೆ, ಮಳೆಗಾಲ ಎಲ್ಲ ಹೆಂಗೆ ಬಂತು?”

ಇನ್ನು ಬಚ್ಚಿಟ್ಟುಕೊಳ್ಳಲು ಜಾಗ ಇರಲಿಲ್ಲ. ಹೇಳಿದೆ. ನಿಮ್ಮನ್ನು ದಿನವೂ ನೋಡುವವನು ನಾನೇ, ಹನ್ನೊಂದು ವರ್ಷದಿಂದ ನೋಡುತ್ತಿದ್ದೇನೆ, ಇಲ್ಲಿ ಕೂತರೆ ನಿಮ್ಮ ಅಂಗಡಿ ಕಾಣುತ್ತದೆ, ತಪ್ಪಾಗಿದ್ದರೆ ಕುರ್ಚಿಯನ್ನು ಆ ಕಡೆಗೆ ತಿರುಗಿಸಿಕೊಳ್ಳುತ್ತೇನೆ ಎಂದೆ. ಕೆಂಚಮ್ಮ ತಪ್ಪಿದಾಗ ಸಂತೋಷಪಟ್ಟಿದ್ದನ್ನೂ ಹೇಳಿಬಿಟ್ಟೆ. ಕಲೆ ಅಳಿಸಲು ನನ್ನ ಒಪ್ಪಿಗೆ ಇದೆ, ಅದು ನಿಮ್ಮ ಇಷ್ಟ, ಹೋದರೆ ನನಗೆ ಸ್ವಲ್ಪ ದಿನ ಕಸಿವಿಸಿ ಆಗಬಹುದು, ಆಮೇಲೆ ಹೊಂದಿಕೊಳ್ಳುತ್ತೇನೆ ಎಂದೆ. ಇಷ್ಟು ಉದ್ದದ ಮಾತನ್ನು ನಾನು ಅದುವರೆಗೆ ಯಾರ ಹತ್ತಿರವೂ ಆಡಿರಲಿಲ್ಲ.

ದಾಕ್ಷಾಯಿಣಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದರು.

“ನಿಮ್ಮ ಅಂಗಡಿಯಿಂದ ನನ್ನ ಅಂಗಡಿ ಕಂಡ್ರೆ, ನನ್ನ ಅಂಗಡಿಯಿಂದ ನಿಮ್ಮದು ಕಾಣಲ್ವಾ? ವಾರಕ್ಕೆ ಎರಡು ರೀಲು ಕೈ ಜಾರ್ಸೋ ಟೈಲರ್ ಹತ್ರ ಯಾರಾದ್ರೂ ಬಟ್ಟೆ ಹೊಲಿಯೋಕೆ ಕೊಡ್ತಾರಾ? ಒಂದಿನನಾದ್ರೂ ಯೋಚನೆ ಮಾಡಿದ್ರಾ ನೀವು?”

ಇಲ್ಲ, ಮಾಡಿರಲಿಲ್ಲ. ಬೀದಿ ವಾಲಿಸಿದವನು ನಾನು, ತಪ್ಪೆಲ್ಲ ಬೀದಿಯದೆಂದೇ ತಿಳಿದಿದ್ದೆ. ಅಷ್ಟರಲ್ಲಿ ಶಿವರುದ್ರ ಮುಖ ಒರೆಸಿಕೊಳ್ಳುತ್ತಾ ಒಳಗೆ ಬಂದು, ನಮ್ಮಿಬ್ಬರನ್ನೂ ನೋಡಿ, ಯಾಕಕ್ಕಾ, ಏನಾಯಿತು ಎಂದು ಗಾಬರಿಯಾದ. ಏನೂ ಇಲ್ಲ ಕಣೋ, ನೋಡುವವರು ಸಿಕ್ಕಿದರು ಎಂದು ಆಕೆ ಎದ್ದು ನಿಂತರು.

ನೋಡುವವನೇ ತಿದ್ದುವವನಾಗುವ ಹಾಗಿಲ್ಲ. ಹಾಗಾಗಿ ಮಾರನೆಯ ದಿನ ಫೋಟೊವನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಇಬ್ಬರೂ ಪೇಟೆಬೀದಿಯ ಕಾಳಿಂಗಯ್ಯನ ಸ್ಟುಡಿಯೋಗೆ ಹೋದೆವು. ಕಾಳಿಂಗಯ್ಯನಿಗೂ ನನಗೂ ಎಣ್ಣೆ ಸೀಗೆಕಾಯಿ ಸಂಬಂಧ. ನಾನು ತಿದ್ದಿದ ಮುಖಗಳೆಲ್ಲ ಬೋಳಿಸಿದ ಆಲೂಗಡ್ಡೆಯ ಹಾಗಿರುತ್ತವೆ ಎಂದು ಅವನು ಊರೆಲ್ಲ ಹೇಳಿಕೊಂಡು ತಿರುಗುತ್ತಾನೆ, ಅವನ ಕೈಗೆ ಸಿಕ್ಕವರಿಗೆಲ್ಲ ಒಂದೇ ಹುಬ್ಬು ಎಂದು ನಾನು ಹೇಳುತ್ತೇನೆ. ನನ್ನನ್ನು ತನ್ನ ಕ್ಯಾಲೆಂಡರಿನ ಮುಂದೆ ನಿಲ್ಲಿಸಲು ಸಿಕ್ಕಿದ್ದಕ್ಕೆ ಅವನ ಮುಖ ಊರಗಲವಾಗಿತ್ತು.

ಮೊದಲನೆಯ ಪ್ರಶ್ನೆ, ಬೈತಲೆ ಎಲ್ಲಿ ಎಂದು ಕೇಳಿದ. ನಡು ನೆತ್ತಿಯಿಂದ ಒಂದು ಕೂದಲೆಳೆ ಎಡಕ್ಕೆ ಎಂದೆ. ಎರಡನೆಯದು, ಎಡ ಹುಬ್ಬಿಗೂ ಬಲ ಹುಬ್ಬಿಗೂ ಏನು ವ್ಯತ್ಯಾಸ. ಎಡದ್ದರ ತುದಿಯಲ್ಲಿ ಎರಡು ಬಿಳಿ ಕೂದಲಿವೆ, ಹೋದ ಶ್ರಾವಣದಲ್ಲಿ ಒಂದೇ ಇತ್ತು ಎಂದೆ. ಕಾಳಿಂಗಯ್ಯ ಮೌಸನ್ನು ಪಕ್ಕಕ್ಕೆ ಸರಿಸಿದ ಸದ್ದು ಕೇಳಿಸಿತು. ಫೋಟೊಗೆ ಗೊತ್ತಿಲ್ಲದ ಮೂರನೆಯದನ್ನು ಅವನು ಬಹಳ ಹೊತ್ತು ಚಪ್ಪರಿಸಿಕೊಂಡು ಕೇಳಿದ.

“ಬೆಳಿಗ್ಗೆ ನಿದ್ದೆಯಿಂದ ಎದ್ದಾಗ ಅಮ್ಮನೋರ ಯಾವ ಕೆನ್ನೆ ಮೇಲೆ ದಿಂಬಿನ ಗೆರೆ ಬಿದ್ದಿರುತ್ತೆ?”

ಕ್ಯಾಲೆಂಡರಿನಲ್ಲಿದ್ದ ಲಕ್ಷ್ಮಿಯೂ ನನ್ನನ್ನೇ ನೋಡುತ್ತಿದ್ದ ಹಾಗಿತ್ತು. ಹನ್ನೆರಡು ಹೆಜ್ಜೆ ಆಚೆಯಿಂದ, ಹಗಲು ಹೊತ್ತಿನಲ್ಲಿ, ಅಂಗಡಿ ಬಾಗಿಲು ತೆರೆದ ಮೇಲಲ್ಲವೇ ನಾನು ನೋಡಿದ್ದು? ಹನ್ನೊಂದು ವರ್ಷದ ಹೆಮ್ಮೆ ಒಂದೇ ಏಟಿಗೆ ಇಳಿಯಿತು. ಗೊತ್ತಿಲ್ಲ ಎಂದೆ. ಬೆನ್ನ ಹಿಂದೆ ದಾಕ್ಷಾಯಿಣಮ್ಮ ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡದ್ದು ಮಾತ್ರ ಗೊತ್ತಾಯಿತು.

“ಬೀದಿ ಆಚೆಯಿಂದ ನೋಡಿದ್ದು ಅರ್ಧ ನೋಡಿದ ಹಾಗೆ ಮುದ್ದಯ್ಯ,” ಎಂದ ಕಾಳಿಂಗಯ್ಯ. ಆ ಹೊತ್ತಿನಲ್ಲಿ ಅವನ ದನಿಯಲ್ಲಿ ಹಗೆ ಇರಲಿಲ್ಲ. “ಹೋಗು, ಸರಿಯಾಗಿ ತಿಳ್ಕೊಂಡು ಬಾ. ಅದಕ್ಕೆ ಮುಂಚೆ ಊರಿಗೊಂದು ಊಟ ಹಾಕ್ಸು.”

ಮಾಘದಲ್ಲಿ ಊಟ ಹಾಕಿಸಿದೆ. ಕೆಂಚಮ್ಮ ಹೂವಿಗೆ ದುಡ್ಡು ಬೇಡವೆಂದಳು. ಶಿವರುದ್ರ ಪಂಕ್ತಿಯಲ್ಲಿ ಓಡಾಡಿ ಬಡಿಸುತ್ತಾ, ಅಕ್ಕನ ಎಲೆಯ ಮುಂದೆ ಬಂದಾಗಲೆಲ್ಲ ಬಲಗಡೆಯಿಂದಲೇ ಬಗ್ಗಿ ಬಡಿಸಿದ. ಮದುವೆಯ ಫೋಟೊಗಳನ್ನು ಕಾಳಿಂಗಯ್ಯ ತೆಗೆದ. ನನ್ನ ಕಿವಿಯ ಮೇಲಿನ ಕೂದಲನ್ನಾದರೂ ಅಳಿಸು ಮಾರಾಯ ಎಂದು ಕೇಳಿಕೊಂಡೆ. ನೋಡುವವಳ ಒಪ್ಪಿಗೆ ಬೇಕು ಎಂದು ಅವನು ದಾಕ್ಷಾಯಿಣಿಯನ್ನು ಕ್ಯಾಲೆಂಡರಿಗೆ ತಿರುಗಿಸಿ ನಿಲ್ಲಿಸಿದ. ಅವಳು ಮೂರಕ್ಕೆ ಮೂರೂ ಸರಿಯಾಗಿ ಹೇಳಿ, ಆಮೇಲೆ ಒಪ್ಪಿಗೆ ಇಲ್ಲ ಎಂದಳು. ಆ ಕೂದಲು ಇವತ್ತಿಗೂ ಹಾಗೇ ಇದೆ.

ಇದಾಗಿ ಎರಡು ವರ್ಷ ತುಂಬುತ್ತಾ ಬಂತು. ಮೂರನೆಯ ಪ್ರಶ್ನೆಗೆ ಉತ್ತರ ಮೊದಲನೆಯ ವಾರವೇ ಸಿಕ್ಕಿತ್ತು. ಎಡಗೆನ್ನೆ. ಒಂಬತ್ತನೆಯ ವಯಸ್ಸಿನಲ್ಲಿ ಸುಟ್ಟ ಕಡೆ ಒತ್ತಬಾರದೆಂದು ಎಡ ಮಗ್ಗುಲಿಗೆ ಮಲಗಿದವಳು ಇಂದಿಗೂ ಮಗ್ಗುಲು ಬದಲಿಸಿಲ್ಲ. ಕಾಳಿಂಗಯ್ಯ ಸಿಕ್ಕಿದಾಗಲೆಲ್ಲ, ತಿಳೀತೇನೋ ಎಂದು ಕಣ್ಣು ಮಿಟುಕಿಸುತ್ತಾನೆ. ಇನ್ನೂ ಇಲ್ಲ ಎನ್ನುತ್ತೇನೆ. ದಾಕ್ಷಾಯಿಣಿ ಗೌರಿಹಬ್ಬಕ್ಕೆ ಮೊದಲು ಒಂದು ಸಲ ಅವನಲ್ಲಿಗೆ ಹೋಗಿಬರೋಣ ಎಂದಳು, ಹಬ್ಬ ಬಂದಾಗ ಹೊಲಿಗೆ ಜಾಸ್ತಿ ಇದೆ, ದೀಪಾವಳಿ ಕಳೆಯಲಿ ಎಂದಳು. ನನ್ನ ಒಪ್ಪಿಗೆ ಕೊಟ್ಟದ್ದು ಕೊಟ್ಟ ಹಾಗೇ ಇದೆ, ಅವಳ ಫೋಟೊ ನನ್ನ ಕಂಪ್ಯೂಟರಿನಲ್ಲಿ ತೆಗೆದ ಹಾಗೇ ಇದೆ. ಅಳತೆ ಕೊಡಲು ಬಂದವರು ಈಗಲೂ ಗೋಡೆ ನೋಡುತ್ತಾರೆ. ನೋಡಲಿ ಬಿಡಿ, ಗೋಡೆಗೂ ನೋಡುವವರೊಬ್ಬರು ಬೇಡವೇ ಎಂದು ಅವಳೇ ನಗುತ್ತಾಳೆ.

ನಿನ್ನೆ ಬೆಳಿಗ್ಗೆ ಕಾಫಿ ಲೋಟ ಕೈಗೆ ಕೊಡುತ್ತಾ, ಎಡಗೆನ್ನೆಯ ಗೆರೆ ಇನ್ನೂ ಮಾಸಿರಲಿಲ್ಲ, ಇವತ್ತು ಹೋಗೋಣವೇ ಎಂದು ಕೇಳಿದಳು.

“ಇನ್ನೂ ನೋಡಿ ಮುಗಿದಿಲ್ಲ ಕಣೇ,” ಎಂದೆ.

ಮಧ್ಯಾಹ್ನ ಒಬ್ಬ ಮದುಮಗನ ಮೊಡವೆ ಅಳಿಸುತ್ತಾ ಕೂತಿದ್ದಾಗ ಹೊಸ್ತಿಲಿಗೆ 'ಟಕ್' ಎಂದು ಏನೋ ತಾಗಿತು. ನೀಲಿ ದಾರದ ರೀಲು. ಎದ್ದು ಅದನ್ನು ಸುತ್ತಿಕೊಳ್ಳುತ್ತಾ ಹನ್ನೆರಡು ಹೆಜ್ಜೆ ನಡೆದೆ. ಈಗ ಕೈಗೆ ಕೊಡುವಾಗ ನಾನು ತಲೆ ತಗ್ಗಿಸುವುದಿಲ್ಲ.